ಪಾಕ ನೋಡುವವರೂ ನನ್ನ ನೋಟ್‌ಬುಕ್ಕೂ

ಮೂವತ್ತು ದಾಟಿದ ಮೇಲೆ ಮುಂದೇನು ಎಂದು ಕೇಳಿಕೊಳ್ಳುವವರಿಗೆ ಈಗ ಎಲ್ಲೆಡೆ ಸಿಗುವ ಸಲಹೆ ಒಂದೇ: ಡೈರಿ ಇಡಿ, ಗುರಿಗಳನ್ನು ಪಟ್ಟಿ ಮಾಡಿ, ಐದು ವರ್ಷಗಳ ನಂತರ ಎಲ್ಲಿರಬೇಕೆಂಬುದನ್ನು ಬರೆದಿಟ್ಟುಕೊಳ್ಳಿ. ಈ ಸಲಹೆಯ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಬರವಣಿಗೆಯಿಂದ ದಾರಿ ಸಿಗುತ್ತದೆ ಎಂಬುದನ್ನು ಒಪ್ಪುತ್ತೇನೆ, ನನಗೆ ಸಿಕ್ಕಿದ್ದೂ ಹಾಗೆಯೇ. ಆದರೆ ದಾರಿಯ ಬಗ್ಗೆಯೇ ಬರೆಯುತ್ತ ಕೂತಿದ್ದಾಗ ಅದು ಸಿಗಲಿಲ್ಲ. ನಾನು ಎಂಥವಳು, ನನಗೇನು ಬೇಕು ಎಂದು ತುಂಬಿಸಿದ ಪುಟಗಳು ಯಾರ ಡೈರಿಯಲ್ಲಾದರೂ ಇರಬಹುದಾದ ಪುಟಗಳೇ ಆಗಿದ್ದವು. ನನ್ನನ್ನು ಬದಿಗಿಟ್ಟು, ಕಣ್ಣಾರೆ ಕಂಡ ಇನ್ನೊಂದನ್ನು ಕಂಡಷ್ಟೇ ಬರೆಯಲು ಹೊರಟ ಮೇಲೆ, ನನ್ನ ಮನಸ್ಸು ಯಾವುದರ ಮೇಲೆ ನಿಲ್ಲುತ್ತದೆ, ಯಾವುದರಿಂದ ಜಾರಿಹೋಗುತ್ತದೆ ಎಂಬುದು ನನಗೇ ತಿಳಿಯತೊಡಗಿತು.

ನಾನು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯವಳು. ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿಕೊಂಡಿರುವ ನಮ್ಮೂರಿನಲ್ಲಿ ಕಬ್ಬು, ಭತ್ತ ಬಿಟ್ಟರೆ ಬೇರೆ ಮಾತಿಲ್ಲ, ಕಬ್ಬಿದ್ದ ಕಡೆ ಆಲೆಮನೆಯೂ ಇರುತ್ತದೆ. ಅಪ್ಪನೂ ಬಹಳ ವರ್ಷ ಒಂದನ್ನು ನಡೆಸಿ ಆಮೇಲೆ ಮುಚ್ಚಿದರು. ನಾನು ಬಿ.ಕಾಂ. ಮುಗಿಸಿ ಮೈಸೂರಿಗೆ ಬಂದು ಲೆಕ್ಕಪರಿಶೋಧಕರೊಬ್ಬರ ಕಚೇರಿಗೆ ಸೇರಿಕೊಂಡೆ. ಕೆಲಸ ಕೆಟ್ಟದ್ದೇನಲ್ಲ. ಅಂಗಡಿಗಳ, ಸಣ್ಣಪುಟ್ಟ ಕಾರ್ಖಾನೆಗಳ ಲೆಕ್ಕ ತಾಳೆ ನೋಡುವುದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು, ಆಡಿಟ್ ಕಾಲ ಬಂದಾಗ ರಾತ್ರಿಯವರೆಗೂ ಕೂರುವುದು. ಆದರೂ ಒಂದು ಹಂತದಲ್ಲಿ, ನಿವೃತ್ತಿಯವರೆಗೂ ಇಷ್ಟೇ ಏನು ಎಂಬ ಪ್ರಶ್ನೆ ಎದ್ದು ಕೂತಿತು. ಸಿಎ ಪರೀಕ್ಷೆ ಕಟ್ಟು ಎಂದರು ಕಚೇರಿಯವರು, ಬ್ಯಾಂಕ್ ಪರೀಕ್ಷೆ ಕಟ್ಟು ಎಂದರು ಸ್ನೇಹಿತೆಯರು; ಅಮ್ಮನ ಸಲಹೆ ಏನಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಓದು ಮೊದಲು ಬಂತು, ಬರಹ ಆಮೇಲೆ. ಸರಸ್ವತಿಪುರಂನಲ್ಲಿದ್ದಾಗ ಭಾನುವಾರಗಳಲ್ಲಿ ಶಾಖಾ ಗ್ರಂಥಾಲಯಕ್ಕೆ ಹೋಗುವುದು ರೂಢಿಯಾಗಿತ್ತು. ಪತ್ರಿಕೆಗಳ ಮೇಜು ಯಾವಾಗಲೂ ನಿವೃತ್ತರ ವಶದಲ್ಲಿರುತ್ತಿದ್ದುದರಿಂದ ನಾನು ಕಥೆ, ಕಾದಂಬರಿಗಳ ಬೀರುವಿನ ಕಡೆ ಸರಿಯಬೇಕಾಗುತ್ತಿತ್ತು, ಹಾಗೆ ಸರಿದಾಗ ಬೆಸಗರಹಳ್ಳಿ ರಾಮಣ್ಣನವರ ಕಥೆಗಳು ಕೈಗೆ ಸಿಕ್ಕವು. ಮದ್ದೂರು ತಾಲ್ಲೂಕಿನವರಾದ ಅವರು ವೃತ್ತಿಯಿಂದ ವೈದ್ಯರು. ಬರೆದದ್ದು ನಮ್ಮ ಮಂಡ್ಯ ಸೀಮೆಯ ಹಳ್ಳಿಗರನ್ನು, ಅವರದೇ ಮಾತಿನಲ್ಲಿ. ಶಾಲೆಯ ಪುಸ್ತಕದ ಕನ್ನಡ ಒಂದು, ಮನೆಯ ಕನ್ನಡ ಇನ್ನೊಂದು ಎಂದುಕೊಂಡು ಬೆಳೆದವಳು ನಾನು. ‘ಎಲ್ಲಿಗವ್ವ ಒಂಟೆ’ ಎಂದು ಅಜ್ಜಿ ಕೇಳಿದ್ದನ್ನು ಹಾಗೆಯೇ ಆಡಿದರೆ ಹಾಸ್ಟೆಲಿನಲ್ಲಿ ನಗುತ್ತಾರೆಂದು ನಾಲಿಗೆಯನ್ನು ತಿದ್ದಿಕೊಂಡಿದ್ದವಳಿಗೆ, ಅದೇ ಮಾತು ಅಚ್ಚಾಗಿ, ರಟ್ಟು ಕಟ್ಟಿಸಿಕೊಂಡು, ಗ್ರಂಥಾಲಯದ ಮೊಹರು ಹಾಕಿಸಿಕೊಂಡು ಬೀರುವಿನಲ್ಲಿ ಕೂತಿರುವುದನ್ನು ನೋಡಿ ಮೊದಲು ನಂಬಿಕೆಯೇ ಬರಲಿಲ್ಲ. ಅಲ್ಲಿಂದ ದೇವನೂರ ಮಹಾದೇವರಿಗೆ ಬಂದೆ. ನಂಜನಗೂಡು ಸೀಮೆಯ ಮಾತಿನಲ್ಲಿರುವ ‘ಕುಸುಮಬಾಲೆ’ಯನ್ನು, 1984ರಲ್ಲಿ ಬಂದ ಆ ಸಣ್ಣ ಪುಸ್ತಕವನ್ನು, ಅರ್ಥವಾಗುವುದಿಲ್ಲವೆಂದು ಕೆಳಗಿಟ್ಟವರು ನನ್ನ ಸ್ನೇಹಿತೆಯರಲ್ಲೇ ಇದ್ದಾರೆ, ನನಗನ್ನಿಸುವಂತೆ ಅದನ್ನು ಬಾಯಿಬಿಟ್ಟು ಓದಬೇಕು, ಕಣ್ಣಿಗೆ ತೊಡಕಾದದ್ದು ಕಿವಿಗೆ ಸಲೀಸಾಗುತ್ತದೆ.

ಹಾಗೆಂದು ತನ್ನತನದ ಬರಹವೆಂದರೆ ಆಡುಮಾತಿನಲ್ಲೇ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಈ ಲೇಖನವನ್ನೇ ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಇಷ್ಟು ವರ್ಷಗಳ ಓದಿನ ನಂತರ ಇದೂ ನನ್ನದೇ. ಆ ಲೇಖಕರಿಂದ ನಾನು ಪಡೆದದ್ದು ಭಾಷೆಯಲ್ಲ, ಧೈರ್ಯ: ನಾನು ಕಂಡದ್ದು ಬರೆಯಲು ಯೋಗ್ಯವಾದದ್ದು ಎಂಬ ಧೈರ್ಯ. ಅದಿಲ್ಲದಿದ್ದಾಗ ಬರೆಯುವವರು ಎಲ್ಲೋ ಓದಿದ ಸೂರ್ಯಾಸ್ತವನ್ನೇ ಮತ್ತೆ ಮುಳುಗಿಸುತ್ತಿರುತ್ತಾರೆ.

ಮೈಸೂರಿನಲ್ಲಿದ್ದುಕೊಂಡು ಈ ವಿಷಯವೆತ್ತಿದರೆ ಕುವೆಂಪು ಅವರನ್ನು ದಾಟಿ ಹೋಗಲು ಆಗುವುದಿಲ್ಲ. 1924ರಲ್ಲಿ ಇಲ್ಲಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ವಿದ್ಯಾರ್ಥಿ ಪುಟ್ಟಪ್ಪನವರು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ್ದು, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಅವರು ಕೇಳಿದ್ದು ಕನ್ನಡ ಓದುಗರಿಗೆಲ್ಲ ಗೊತ್ತಿರುವ ಸಂಗತಿ. ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಹೊರಳಿದ ಕಥೆಯಾಗಿ ಅದನ್ನು ಹೇಳಿ ಮುಗಿಸುವುದು ವಾಡಿಕೆ. ನನ್ನ ಗಮನ ನಿಲ್ಲುವುದು ಎರಡು ಬೇರೆ ಕಡೆ. ಮೊದಲನೆಯದು, ಆ ಮಾತು ಕೇಳಿದಾಗ ಅವರಿಗೆ ಅಸಮಾಧಾನವಾಯಿತು. ಸರಿಯಾದ ದಾರಿ ತೋರಿಸಿದವರ ಮೇಲೆ ಆ ಹೊತ್ತಿಗೆ ಸಿಟ್ಟೇ ಬರುವುದೆಂಬುದು ನನಗೆ ಸಮಾಧಾನದ ವಿಷಯ. ಎರಡನೆಯದು, ಕನ್ನಡಕ್ಕೆ ಬಂದ ತಕ್ಷಣ ಎಲ್ಲವೂ ಮುಗಿಯಲಿಲ್ಲ. ತಾವು ಹುಟ್ಟಿ ಬೆಳೆದ ಕಾಡು, ಗದ್ದೆ, ಜೀತದಾಳು, ಬೇಟೆಗಳನ್ನು ಗದ್ಯದಲ್ಲಿ ತುಂಬಿಕೊಟ್ಟ ‘ಮಲೆನಾಡಿನ ಚಿತ್ರಗಳು’ ಬಂದದ್ದು 1933ರಲ್ಲಿ, ‘ಕಾನೂರು ಹೆಗ್ಗಡಿತಿ’ 1936ರಲ್ಲಿ, ಅಂದರೆ ಅವರು ಮಲೆನಾಡಿನಿಂದ ದೂರ, ಮೈಸೂರಿನಲ್ಲಿ ಅಧ್ಯಾಪಕರಾಗಿದ್ದ ಕಾಲದಲ್ಲಿ. ಭಾಷೆಯನ್ನು ಹಿಡಿದ ಮೇಲೂ ತನ್ನ ವಸ್ತುವನ್ನು ಅಷ್ಟು ದೊಡ್ಡದಾಗಿ ಹಿಡಿಯಲು ಅಂಥವರಿಗೇ ಸುಮಾರು ಹತ್ತು ವರ್ಷ ಬೇಕಾಯಿತೆಂದರೆ, ಉಳಿದವರು ಅವಸರಪಡುವುದರಲ್ಲಿ ಅರ್ಥವಿಲ್ಲ.

ನನ್ನ ವಸ್ತು ಸಿಕ್ಕಿದ್ದು ಆಲೆಮನೆಯಲ್ಲಿ. ಅಲ್ಲಿ ಪಾಕ ನೋಡುತ್ತಿದ್ದ ವಯಸ್ಸಾದವರೊಬ್ಬರನ್ನು ನಾವೆಲ್ಲ ತಾತ ಎನ್ನುತ್ತಿದ್ದೆವು. ಒಂದು ಸಂಜೆ ಬೇರೇನೂ ತೋಚದೆ ಅವರ ಕೆಲಸವನ್ನು ಮೊದಲಿನಿಂದ ಬರೆಯತೊಡಗಿದೆ. ಗಾಣದಿಂದ ಇಳಿದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ತುಂಬಿ, ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ಒಟ್ಟುತ್ತಿದ್ದರೆ ಮೊದಲು ಕೊಳೆಯೆಲ್ಲ ಕಪ್ಪಗೆ ಮೇಲೇಳುತ್ತದೆ. ಅದು ಚೆನ್ನಾಗಿ ಬಿಟ್ಟುಕೊಳ್ಳಲೆಂದು ಸ್ವಲ್ಪ ಸುಣ್ಣವನ್ನೂ ಬೆಂಡೆ ಗಿಡವನ್ನು ಜಜ್ಜಿ ತೆಗೆದ ಲೋಳೆಯನ್ನೂ ಹಾಕಿ ಜಾಲರಿಯಲ್ಲಿ ಎತ್ತುತ್ತಾರೆ. ಸುಮಾರು 10 ಲೀಟರ್ ಹಾಲಿಗೆ 1 ಕೆ.ಜಿ. ಬೆಲ್ಲ, ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಆವಿಯಾಗಿಯೇ ಹೋಗಬೇಕು. ಕೊನೆಗೆ ನೊರೆ ಹಳದಿಗೆ ತಿರುಗಿ, ಗುಳ್ಳೆಗಳು ದಪ್ಪವಾಗಿ ನಿಧಾನಕ್ಕೆ ಒಡೆಯತೊಡಗಿದಾಗ ತಾತ ಬೀಡಿ ಆರಿಸಿ ಏಳುತ್ತಿದ್ದರು. ಕೋಲಿನ ತುದಿಯಲ್ಲಿ ಒಂದಿಷ್ಟು ಪಾಕ ತೆಗೆದು, ತಣ್ಣೀರಿಗೆ ಬಿಟ್ಟು, ಬೆರಳಿನಲ್ಲಿ ಉಂಡೆ ಕಟ್ಟಿ, ತಟ್ಟೆಯ ಅಂಚಿಗೆ ಬಡಿಯುತ್ತಿದ್ದರು. ಸದ್ದು ಮೆತ್ತಗೆ ಬಂದರೆ ಇನ್ನೂ ಕಾಯಬೇಕು. ಟಣ್ ಎಂದರೆ ತಡಮಾಡದೆ ಕೊಪ್ಪರಿಗೆ ಇಳಿಸಬೇಕು. ತುಸು ಮೊದಲಾದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ತುಸು ತಡವಾದರೆ ಸೀದು ಬಣ್ಣ ಕೆಟ್ಟು ಬೆಲೆ ಇಳಿಯುತ್ತದೆ. ಈ ಹದ ಬರುವುದು 118 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎಂದು ಆಮೇಲೆ ಓದಿ ತಿಳಿದೆ. ತಾತ ಜ್ವರ ನೋಡುವುದಕ್ಕಲ್ಲದೆ ಥರ್ಮಾಮೀಟರನ್ನು ಬೇರೆಲ್ಲೂ ಕಂಡವರಲ್ಲ.

ಇಷ್ಟು ಬರೆಯುವಷ್ಟರಲ್ಲಿ ನನಗೆ ಗೊತ್ತಿಲ್ಲದ ಸಂಗತಿಗಳು ಒಂದೊಂದಾಗಿ ಅಡ್ಡ ನಿಂತವು. ತಾತನಿಗೆ ಕೂಲಿ ದಿನದ ಲೆಕ್ಕದಲ್ಲೋ ಕೊಪ್ಪರಿಗೆಯ ಲೆಕ್ಕದಲ್ಲೋ? ಪಾಕ ಕೆಟ್ಟರೆ ನಷ್ಟ ಯಾರ ತಲೆಗೆ? ನಾಲೆಗೆ ನೀರು ಬಿಡದ ವರ್ಷ ಅವರು ಎಲ್ಲಿಗೆ ಹೋಗುತ್ತಿದ್ದರು? ಅವರು ಯಾರಿಂದ ಕಲಿತರು, ಯಾರಿಗಾದರೂ ಕಲಿಸಿದರೇ? ಅಪ್ಪನಿಗೆ ಫೋನ್ ಮಾಡಿದೆ. ಊಟ ಆಯ್ತಾ, ಮಳೆ ಉಂಟಾ ಎಂಬಲ್ಲಿಗೆ ಮಾತು ಮುಗಿಸುವ ಅಪ್ಪ ಅವತ್ತು ಸುಮಾರು ಹೊತ್ತು ಮಾತಾಡಿದರು, ನಡುವೆ ಒಮ್ಮೆ ‘ತಾಳು, ಹಂಗಲ್ಲ’ ಎಂದು ತಮ್ಮನ್ನು ತಾವೇ ತಿದ್ದಿಕೊಂಡರು. ಕೊಪ್ಪರಿಗೆಯ ಲೆಕ್ಕದಲ್ಲೇ ಕೂಲಿ, ಕೆಟ್ಟರೆ ನಷ್ಟ ಆಲೆಮನೆಯವನದು, ಆದರೆ ಎರಡು ಸಲ ಕೆಟ್ಟರೆ ಪಾಕ ನೋಡುವವನಿಗೆ ಮುಂದಿನ ವರ್ಷ ಕರೆ ಬರುವುದಿಲ್ಲ. ಕಲಿತವರು ಯಾರೂ ಇಲ್ಲ. ಈಗ ನಮ್ಮ ಕಡೆಯ ಎಷ್ಟೋ ಆಲೆಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವವರು ಉತ್ತರ ಪ್ರದೇಶದ ಕಡೆಯಿಂದ ಬಂದ ಹುಡುಗರು.

ನೋಟ್‌ಬುಕ್ಕು ತುಂಬುತ್ತ ಬಂದ ಮೇಲೆ ಒಮ್ಮೆ ಹಿಂದಿನಿಂದ ಓದಿದೆ. ಹಬ್ಬದ ನೆನಪು, ಬಾಲ್ಯದ ಗೆಳತಿ, ಮಳೆ ಎಂದು ಶುರುವಾದ ಪುಟಗಳು ಅರ್ಧಕ್ಕೆ ನಿಂತಿದ್ದವು. ಪೂರ್ತಿಯಾಗಿದ್ದವೆಲ್ಲ ಯಾರಾದರೂ ಏನಾದರೂ ಕೆಲಸ ಮಾಡುತ್ತಿರುವ ಪುಟಗಳು: ನಾಲೆಯ ತೂಬು ತೆಗೆಯುವ ನೀರುಗಂಟಿ, ಮಂಡಿ ಮೊಹಲ್ಲದಲ್ಲಿ ಬೀಟೆ ಮರದ ಹಲಗೆಗೆ ಚಿತ್ತಾರ ಕೂರಿಸುವವರು, ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯ ಜಗುಲಿಯಲ್ಲಿ ಅಗರಬತ್ತಿ ಹೊಸೆಯುವ ಹೆಂಗಸರು. ಎಲ್ಲದರಲ್ಲೂ ಎರಡೇ ಪ್ರಶ್ನೆ, ಇದನ್ನು ಹೇಗೆ ಮಾಡುತ್ತಾರೆ, ಇದಕ್ಕೆ ಏನು ಸಿಗುತ್ತದೆ. ನನಗೇನು ಇಷ್ಟ ಎಂದು ಯಾರಾದರೂ ಕೇಳಿದ್ದರೆ ಈ ಉತ್ತರ ನನ್ನ ಬಾಯಿಂದ ಖಂಡಿತ ಬರುತ್ತಿರಲಿಲ್ಲ. ಕಸುಬುಗಳನ್ನು, ಅವುಗಳ ಕೈಚಳಕ ಮತ್ತು ಕೂಲಿ ಎರಡನ್ನೂ ಸೇರಿಸಿ, ದಾಖಲಿಸುವುದು ನಾನು ಮಾಡಬೇಕಾದ ಕೆಲಸ ಎಂದು ಗೊತ್ತಾದದ್ದು ಆ ಓದಿನಲ್ಲಿ.

ಗೊತ್ತಾದ ಮೇಲೆ ಓದು ಬೇರೆ ಕಡೆಗೆ ತಿರುಗಿತು, ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಸಿಕ್ಕಿದರು. ಅವರು 1948ರಲ್ಲಿ ಮೈಸೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಉಳಿದು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು, ಕಂಡದ್ದನ್ನೆಲ್ಲ ಟಿಪ್ಪಣಿ ಮಾಡಿಕೊಂಡಿದ್ದರು. ವರ್ಷಗಟ್ಟಲೆ ತಿದ್ದಿ ವಿಂಗಡಿಸಿದ ಆ ಟಿಪ್ಪಣಿಗಳ ಪ್ರತಿಗಳೆಲ್ಲ, 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಯಾರೋ ಬೆಂಕಿಯಿಟ್ಟಾಗ ಸುಟ್ಟುಹೋದವು. ಆಮೇಲೆ ಅವರು ಹೆಚ್ಚಾಗಿ ನೆನಪನ್ನೇ ನೆಚ್ಚಿ ಆ ಹಳ್ಳಿಯನ್ನು ಬರೆದರು. ಪುಸ್ತಕ 1976ರಲ್ಲಿ ಪ್ರಕಟವಾಯಿತು. ಅದರಲ್ಲಿ ಹಳ್ಳಿಯ ಯಜಮಾನರು ಬೈಯುವ ಬಗೆ, ಎತ್ತಿನ ಮೇಲಿನ ಪ್ರೀತಿ, ಜಗಳ ಬಿಡಿಸುವ ರೀತಿ ಎಲ್ಲ ಎದುರಿಗೆ ನಡೆಯುತ್ತಿರುವಂತಿವೆ. ಟಿಪ್ಪಣಿಗಳು ಉಳಿದಿದ್ದರೆ ಕೋಷ್ಟಕಗಳು ಹೆಚ್ಚಾಗಿ ಮನುಷ್ಯರು ಕಡಿಮೆಯಾಗುತ್ತಿದ್ದರೇನೋ ಎಂಬುದು ನನ್ನ ಅನುಮಾನ, ಕೋಷ್ಟಕಗಳಲ್ಲೇ ದಿನ ಕಳೆಯುವವಳಾಗಿ ಹೇಳುತ್ತಿದ್ದೇನೆ. ಆದರೆ ಅವರ ನೆನಪು ಅಷ್ಟು ಗಟ್ಟಿಯಾಗಿದ್ದದ್ದು ಮೊದಲು ಅಷ್ಟು ಬರೆದುಕೊಂಡಿದ್ದರಿಂದಲೇ ಇರಬೇಕು. ಬರೆದದ್ದು ಹೋದರೂ ಬರೆಯಲೆಂದು ನೋಡಿದ ನೋಟ ಉಳಿದಿತ್ತು.

ಮನಸ್ಸಿನಲ್ಲಿರುವುದನ್ನು ಕಾಗದಕ್ಕೆ ಇಳಿಸಿದರೆ ಹಗುರಾಗುತ್ತದೆ ಎನ್ನುವವರನ್ನು ನಾನು ತಳ್ಳಿಹಾಕುವುದಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಸಾಂಡ್ರಾ ಬೀಲ್ ಅವರೊಡನೆ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷದಂತೆ 4 ದಿನ ಬರೆಯಲು ಹೇಳಿದ್ದರು. ಬದುಕಿನ ಕಹಿ ಘಟನೆಯನ್ನೂ ಅದರ ಬಗೆಗಿನ ಭಾವನೆಯನ್ನೂ ಸೇರಿಸಿ ಬರೆದವರು, ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು, ಯಾವುದೋ ಸಾಮಾನ್ಯ ವಿಷಯ ಬರೆದವರಿಗಿಂತ ಕಡಿಮೆ. ಅದರ ಮುಂದಿನ ಸಂಶೋಧನೆಗಳಲ್ಲಿ ಅವರು ಕಂಡುಕೊಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಹಿಡಿಸಿತು: ದಿನದಿಂದ ದಿನಕ್ಕೆ ‘ಏಕೆಂದರೆ’, ‘ಈಗ ಅರ್ಥವಾಯಿತು’ ಎಂಬಂಥ ಮಾತುಗಳು ಹೆಚ್ಚುತ್ತ ಹೋದ ಬರಹಗಾರರಿಗೆ ಪ್ರಯೋಜನವೂ ಹೆಚ್ಚಿತ್ತು. ಅಂದರೆ ಗೋಳು ತೋಡಿಕೊಂಡರೆ ಸಾಲದು, ಅದು ಏಕಾಯಿತೆಂದು ಕೇಳಿಕೊಳ್ಳುವಲ್ಲಿಗೆ ಬರಹ ತಲುಪಬೇಕು. ಡೈರಿಯಲ್ಲಿ ನನ್ನ ಬೇಸರವನ್ನು ಬೇಸರವೆಂದೇ ಬರೆಯುತ್ತಿದ್ದಾಗ ಒಂದೂ ‘ಏಕೆ’ ಬರಲಿಲ್ಲ. ತಾತನ ಪಾಕದ ಬಗ್ಗೆ ಬರೆದಾಗ ಅವು ಸಾಲುಗಟ್ಟಿ ಬಂದವು.

ಪ್ರಾಮಾಣಿಕವಾಗಿ ಬರೆಯುವುದೆಂದರೆ ಎಲ್ಲವನ್ನೂ ಬಯಲಿಗಿಡುವುದು ಎಂಬ ಅಭಿಪ್ರಾಯವೂ ಈಗ ಚಾಲ್ತಿಯಲ್ಲಿದೆ. ಆಲೆಮನೆಯ ಬರಹವನ್ನು ಅಪ್ಪನಿಗೆ ಓದಲು ಕೊಟ್ಟಾಗ ಈ ಪ್ರಶ್ನೆ ನಮ್ಮ ನಡುಮನೆಯಲ್ಲೇ ಬಂತು. ಒಂದು ವರ್ಷ ಪಾಕ ಸರಿಬಾರದೆ ಬೆಲ್ಲವೆಲ್ಲ ನೀರುಬಿಟ್ಟು ಸಾಲವಾದದ್ದನ್ನು ಅಪ್ಪನಿಗೆ ನೋವಾದೀತೆಂದು ನಾನು ಬರೆದಿರಲಿಲ್ಲ. ತಾತ ಸಂಜೆಯಾದರೆ ಕುಡಿಯುತ್ತಿದ್ದರೆಂಬುದನ್ನು ಮಾತ್ರ ಬರೆದಿದ್ದೆ. ಅಪ್ಪ ಕನ್ನಡಕ ತೆಗೆದಿಟ್ಟು ಹೇಳಿದರು: ‘ಎಲ್ಲಾ ಸರಿಯಾಗೈತೆ ಕಣವ್ವ. ಆದ್ರೆ ಆ ವರ್ಸ ಬೆಲ್ಲ ಕರ್ಗೋಗಿ ಸಾಲ ಆಯ್ತಲ್ಲ, ಅದ್ನ ಯಾಕ್ ಬುಟ್ಬುಟ್ಟೆ? ನಂದು ಹಾಕು. ತಾತಂದು ಕುಡ್ತದ ಸುದ್ದಿ ತಗ್ದಾಕು, ಅವ್ರ ಮೊಮ್ಮಕ್ಳವ್ರೆ.’ ತನ್ನ ವಿಷಯ ಹೇಳುವ ಹಕ್ಕು ತನಗಿದೆ, ಸತ್ತವರ ಗುಟ್ಟು ಹೇಳುವ ಹಕ್ಕು ತನ್ನ ಮಗಳಿಗಿಲ್ಲ ಎಂಬ ಈ ಲೆಕ್ಕಾಚಾರಕ್ಕಿಂತ ಒಳ್ಳೆಯದನ್ನು ಯಾವ ವಿಮರ್ಶಕರೂ ನನಗೆ ಹೇಳಿಕೊಟ್ಟಿಲ್ಲ. ತಾತನ ಕುಡಿತವೆಂದು ಇಲ್ಲಿ ಮತ್ತೆ ಬರೆದೆಯಲ್ಲ ಎಂದು ಓದುಗರು ಕೇಳಬಹುದು. ಊರ ಹೆಸರಾಗಲಿ ಅವರ ಹೆಸರಾಗಲಿ ಇಲ್ಲದಿರುವುದು ಅದಕ್ಕೇ, ಈ ಸಲ ಅಪ್ಪನ ಅಪ್ಪಣೆಯೂ ಆಗಿದೆ.

ಹಾಗಾದರೆ ಕಚೇರಿಯ ಕೆಲಸ ಬಿಡುತ್ತೀಯಾ ಎಂದು ಕೇಳುವವರಿದ್ದಾರೆ. ದಾರಿ ಸಿಗುವುದೆಂದರೆ ರಾಜೀನಾಮೆ ಕೊಡುವುದೆಂಬ ಭಾವನೆ ಎಲ್ಲಿಂದ ಹುಟ್ಟಿತೋ ತಿಳಿಯದು, ನಮ್ಮ ಜಿಲ್ಲೆಯ ಬರಹಗಾರರಿಂದಂತೂ ಅಲ್ಲ. ಮೇಲುಕೋಟೆಯ ಪು.ತಿ.ನ. ಮೈಸೂರು ಸರ್ಕಾರದ ಸೈನ್ಯದ ಕಚೇರಿಯಲ್ಲಿ ಕೆಲಸ ಮಾಡುತ್ತ ಗೋಕುಲದ ಕೃಷ್ಣನನ್ನು ಬರೆದರು. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ‘ಮೈಸೂರ ಮಲ್ಲಿಗೆ’ ಬಂದಾಗ ಸರ್ಕಾರಿ ಗುಮಾಸ್ತರು. ಇವರಿಗೆಲ್ಲ ಬಹಳ ಹಿಂದೆ, 1673ರಿಂದ 1704ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮನ ನೆನಪಾಗುತ್ತದೆ. ಆಕೆ ಬರೆದ ‘ಹದಿಬದೆಯ ಧರ್ಮ’ ಹೆಸರೇ ಹೇಳುವಂತೆ ಪತಿವ್ರತೆಯರ ಕರ್ತವ್ಯಗಳನ್ನು ಹೇಳುವ ಕಾವ್ಯ, ಅದರ ಬಹುಭಾಗ ಇಂದು ಓದಲು ನನಗೆ ಕಷ್ಟ. ಆದರೆ ನಡುವೆ ಒಂದು ಕಡೆ, ತಮ್ಮನ್ನು ಹೆತ್ತವಳು ಸಾಕಿದವಳು ಹೆಣ್ಣೇ ಆಗಿರುವಾಗ ಹೆಣ್ಣೆಂದು ಹೀಗಳೆಯುವವರು ಕಣ್ಣು ಕಾಣದ ಮೂಢರು ಎಂದು ಆಕೆ ಸಿಡಿಯುತ್ತಾಳೆ. ಉಳಿದ ಕಡೆ ಕಾಲದ ಮಾತು, ಅಲ್ಲಿ ಹೊನ್ನಮ್ಮನ ಮಾತು. ಒಪ್ಪಿಸಿದ ವಿಷಯದೊಳಗೂ ತನ್ನದೊಂದು ಸಾಲಿಗೆ ಜಾಗ ಮಾಡಿಕೊಳ್ಳಬಹುದೆಂದಾದರೆ, ಆಡಿಟ್ ಕಚೇರಿಯಲ್ಲಿದ್ದುಕೊಂಡು ಭಾನುವಾರ ಬರೆಯುವುದು ದೊಡ್ಡ ಸಾಹಸವೇನಲ್ಲ.

ಇನ್ನೂ ನಿಜ ಹೇಳಬೇಕೆಂದರೆ ಆ ಕೆಲಸ ಈಗ ಬರಹಕ್ಕೆ ಒದಗಿಬರುತ್ತಿದೆ. ಆಲೆಮನೆಯ ಹಳೆಯ ಲೆಕ್ಕದ ಪುಸ್ತಕಗಳು ಅಟ್ಟದ ಮೇಲಿವೆ ಎಂದು ಅಪ್ಪ ಈಚೆಗೆ ಹೇಳಿದರು. ಕಬ್ಬು ಕೊಟ್ಟವರು, ಕೂಲಿಯವರ ಮುಂಗಡ, ಬೆಲ್ಲದ ಮಂಡಿಯಲ್ಲಿ ಪಡೆದ ಸಾಲ, ಕಮಿಷನ್, ಬಡ್ಡಿ, ಎಲ್ಲವೂ ಅಪ್ಪನ ದುಂಡನೆಯ ಅಕ್ಷರದಲ್ಲಿವೆ. ಅವನ್ನು ಮೈಸೂರಿಗೆ ತಂದು, ಕಚೇರಿಯಲ್ಲಿ ಬೇರೆಯವರ ಲೆಕ್ಕ ನೋಡುವ ಹಾಗೆಯೇ ಒಂದೊಂದು ಸಾಲನ್ನೂ ತಾಳೆ ನೋಡುತ್ತಿದ್ದೇನೆ. ಆಲೆಮನೆ ಮುಚ್ಚಿದ್ದಕ್ಕೆ ಪಾಕ ಕೆಟ್ಟ ಆ ಒಂದು ವರ್ಷವೇ ಕಾರಣವೆಂದು ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಪುಸ್ತಕಗಳನ್ನು ನೋಡಿದರೆ ಅದಕ್ಕೆ ಮುಂಚಿನಿಂದಲೇ ಬಡ್ಡಿಯ ಲೆಕ್ಕ ನಮ್ಮ ಲೆಕ್ಕಕ್ಕೆ ಹೊಂದುತ್ತಿಲ್ಲ. ಫೋನಿನಲ್ಲಿ ಹೇಳಿದೆ. ‘ನಂಗೂ ಅವಾಗ್ಲೇ ಅನ್ಮಾನ ಇತ್ತು ಕಣವ್ವ, ಕೇಳಕ್ ಗೊತ್ತಾಗ್ನಿಲ್ಲ’ ಎಂದರು ಅಪ್ಪ. ಮಂಡಿಯವರು ಕೊಟ್ಟ ಚೀಟಿಗಳೂ ಒಂದು ಟ್ರಂಕಿನಲ್ಲಿ ಇವೆಯಂತೆ, ಈ ಭಾನುವಾರ ಬೆಳಗಿನ ರೈಲಿಗೆ ಹೋಗಿ ತರಬೇಕು.